ಸ್ವಂತ ಇಚ್ಛೆಯಿಂದ

"ಏಯ್ ಲಕ್ಕಿ, ಕಿವಿಗೇನ್ ಸೀಸ ಉಯ್ಕೊಂಡಿದ್ದೀಯೇನೇ? ಒತ್ತೇ ಹೆಬ್ಬೆಟ್ಟು ಅಂದ್ರೆ!"

ಲಕ್ಕಮ್ಮ ಹಸಿ ಕಸದ ಡ್ರಮ್ಮಿನಿಂದ ಕೈ ತೆಗೆಯಲಿಲ್ಲ. ನಾನೂರು ಮನೆಗಳ ಎಂಜಲು. ಯಾರೋ ಅದರೊಳಗೇ ಎಸೆದ ಡೈಪರನ್ನು ಹುಡುಕಿ ಬೇರೆ ಮಾಡಬೇಕಿತ್ತು. ಯಲಹಂಕದ ಆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹದಿಮೂರು ವರ್ಷದಿಂದ ಅವಳಿಗೆ ಹೀಗೇ ಬೆಳಗಾಗುತ್ತಿತ್ತು. ಮೂಗು ಎಂದೋ ಸತ್ತಿತ್ತು. ಈಗ ಸೊಂಟವೂ ಅದರ ಹಿಂದೆ ಹೊರಟಿತ್ತು.

ಕೂಗಿದವನು ಹೌಸ್‌ಕೀಪಿಂಗ್ ಕಂಟ್ರಾಕ್ಟರ್ ಅನಂತರಾಜು. ಚಿಕ್ಕಜಾಲದ ಕಡೆ ಇಬ್ಬರದೂ ಒಂದೇ ಊರು. ಅವನಪ್ಪನ ಮನೆಯಲ್ಲಿ ಅವಳಪ್ಪ ಜೀತಕ್ಕಿದ್ದ.

ಜೊತೆಗೆ ಕೆಲಸ ಮಾಡುವ ಗಜಾಲಾ ಹತ್ತನೇ ಕ್ಲಾಸಿನವರೆಗೆ ಓದಿದವಳು. ಅನಂತರಾಜು ಕೊಟ್ಟಿದ್ದ ತನ್ನ ಕಾಗದದ ಮೇಲೆ ಕಣ್ಣಾಡಿಸಿ ಪಿಸುಗುಟ್ಟಿದಳು: "ರಾಜೀನಾಮೆ ಕಣಕ್ಕಾ. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂತ ಬರ್ದೌರೆ."

"ಏನೇ ಪಿಸಿಪಿಸಿ?" ಅನಂತರಾಜು ಹನ್ನೊಂದು ಹೆಂಗಸರನ್ನೂ ಒಮ್ಮೆ ನೋಡಿದ. "ಹೊಸ ಕಾನೂನು ಬಂದೈತೆ. ವರ್ಷ ಆದ್ರೆ ಗ್ರಾಚ್ಯುಟಿ ಅಂತೆ, ಪಿಎಫ್ ಜಾಸ್ತಿ ಕಟ್ಬೇಕಂತೆ. ಯಾರಪ್ಪನ ಮನೆ ಗಂಟು? ಇವತ್ ಬಿಟ್ಟಂಗ್ ಮಾಡಿ, ನಾಡಿದ್ದು ನನ್ ಹೆಂಡ್ತಿ ಹೆಸರಿನ ಕಂಪನೀಗೆ ಹೊಸದಾಗಿ ಸೇರ್ಕೊಳಿ. ಪೊರಕೆ ಅದೇ, ಕಸ ಅದೇ."

"ಇಎಸ್‌ಐ ಕಾರ್ಡು ಸಾರ್?" ಲಕ್ಕಮ್ಮ ಕೇಳಿದಳು.

"ಮಾಡುಸ್ಕೊಡ್ತೀನಿ. ಮೂರು ತಿಂಗಳೋ ಆರು ತಿಂಗಳೋ."

ಅವಳ ಗಂಡ ಮುನಿಕೃಷ್ಣಪ್ಪನ ಎರಡೂ ಕಿಡ್ನಿ ಹೋಗಿದ್ದವು. ಆ ಕಾರ್ಡಿನ ಮೇಲೆಯೇ ವಾರಕ್ಕೆರಡು ಸಲ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಉಸಿರು ಸಿಗದೆ ರಾತ್ರಿಯಿಡೀ ಗೋಡೆಗೊರಗಿ ಕೂರುತ್ತಿದ್ದ.

"ನನ್ ಗಂಡುನ್ ರಕ್ತ ತೊಳುಸ್ಬೇಕು ಸಾರ್. ಮಂಗ್ಳಾರ, ಸುಕ್ರಾರ."

"ಕುಡಿಯೋಕೆ ನಾನೇನ್ ಹೇಳಿದ್ನಾ ಆ ಬೋಳಿಮಗುನ್ಗೆ?"

"ಕುಡೀತಿರ್ಲಿಲ್ಲ ಸಾರ್. ನಿಮ್ ದ್ರಾಕ್ಸಿ ತೋಟಕ್ಕೆ ಔಸ್ದಿ ಒಡೀತಿದ್ದ."

ಅನಂತರಾಜು ಲಕ್ಕಮ್ಮನ ಪಾಲಿನ ಕಾಗದವನ್ನು ಅವಳ ಮುಖಕ್ಕೆಸೆದ. ಅದು ಕಸದ ನೀರಿಗೆ ಬಿತ್ತು.

"ನಿಮ್ಮಪ್ಪ ನಮ್ ಕೊಟ್ಟಿಗೇಲಿ ಒಂದ್ ಮಾತ್ ಕೇಳ್ದೆ ಹೆಬ್ಬೆಟ್ಟೊತ್ತಿದ್ದ ಕಣೇ. ನಿಂಗ್ಯಾವ್ ದೊಡ್‌ರೋಗ ಬಂದಿರೋದು? ಕೈ ತೊಳ್ಕೊಂಡ್ ಬಾ, ನಾತ."

ಲಕ್ಕಮ್ಮ ಬಗ್ಗಿದಳು. ಸೊಂಟ ಹಿಡಿದುಕೊಂಡೇ ಕಾಗದ ಎತ್ತಿಕೊಂಡಳು. ಸೆರಗಿಗೆ ಒತ್ತಿ ಒರೆಸಿ, ನಾಲ್ಕು ಮಡಿಕೆ ಮಾಡಿ, ರವಿಕೆಯೊಳಗೆ ಇಟ್ಟುಕೊಂಡಳು.

"ಏನೇ ಮಾಡ್ತಿದ್ದೀಯ? ಕೊಡೇ ಇಲ್ಲಿ, ಬೋಸುಡಿ!"

"ಲೇಬರ್ ಆಫೀಸ್ನಾಗೆ ಓದುಸ್ತೀನಿ." ಅವಳ ದನಿ ಏರಲಿಲ್ಲ, ಏರಿಸುವಷ್ಟು ಕಸುವೂ ಇರಲಿಲ್ಲ. "ಬೇಕಂದ್ರೆ ಕೈ ಆಕಿ ತಗೋ. ಮ್ಯಾಲೆ ಕ್ಯಾಮೆರಾ ಐತೆ. ನಾನೂರು ಮನೆಯೋರೂ ನೋಡ್ಲಿ."

ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಮುಂದೆ ಬಂದ ಅನಂತರಾಜುವಿನ ಕೈ ಅಲ್ಲೇ ನಿಂತಿತು.

"ನಾಳೆಯಿಂದ ಗೇಟ್ ಒಳಗೆ ಕಾಲಿಟ್ ನೋಡು!"

ಒಂಬತ್ತು ಜನ ಆಗಲೇ ಒತ್ತಿಯಾಗಿತ್ತು. ಗಜಾಲಾ ಮಾತ್ರ ತನ್ನ ಕಾಗದವನ್ನೂ ತಂದು ಲಕ್ಕಮ್ಮನ ಕೈಗಿಟ್ಟಳು. "ಇದ್ನೂ ಓದುಸ್ಬಿಡಕ್ಕಾ."

ಲೇಬರ್ ಆಫೀಸಿನಲ್ಲಿ ಎರಡನ್ನೂ ತೆಗೆದುಕೊಂಡು, "ಕರೀತೀವಿ, ಹೋಗಮ್ಮ" ಅಂದರು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡಿನ ನಂಬರು ಒತ್ತಿ, ಹುಬ್ಬು ಗಂಟಿಕ್ಕಿದಳು.

"ಕೆಲಸ ಬಿಟ್ಟಿದ್ದೀರಿ ಅಂತ ತೋರಿಸ್ತಿದೆಯಲ್ಲಮ್ಮ?"

"ನಾನ್ ಬಿಟ್ಟಿಲ್ಲ."

"ನಿಮ್ ಕಂಪನಿಯೋರೇ ಹಾಕಿದ್ದಾರೆ. ಸಾಹೇಬ್ರನ್ನ ಕೇಳ್ಬೇಕು. ಆ ಕಡೆ ಕೂತ್ಕೊಳಿ."

"ಕಂಪ್ಯೂಟರ್‌ನ ಯಾಕ್ ಕೇಳ್ತೀಯವ್ವಾ? ನನ್ನ ಕೇಳು. ನಾನ್ ಬಿಟ್ಟಿಲ್ಲ."

ಹಿಂದಿನ ಸಾಲು ಗೊಣಗತೊಡಗಿತು. ಯಾರೋ ಸೆಕ್ಯುರಿಟಿಯವನನ್ನು ಕೂಗಿದರು. ಲಕ್ಕಮ್ಮ ಎರಡೂ ಕೈಗಳಿಂದ ಕೌಂಟರಿನ ಕಂಬಿ ಹಿಡಿದು ನಿಂತಳು.

ಗೋಡೆಯ ಬದಿಯಲ್ಲಿ ಕುಕ್ಕರಿಸಿದ್ದ ಮುನಿಕೃಷ್ಣಪ್ಪ ಊದಿದ ತನ್ನ ಮೊಣಕಾಲ ಕೆಳಗೆ ಬೆರಳಿನಿಂದ ಒತ್ತಿ ಬಿಟ್ಟ. ಒತ್ತಿದ ಕಡೆ ಗುಳಿ ಬಿತ್ತು. ಅದು ತುಂಬುವುದನ್ನೇ ಕಾಯುತ್ತ ನೋಡುತ್ತಿದ್ದ. ತುಂಬಲಿಲ್ಲ.