ಲಿಫ್ಟಿನ ಪಾಲು

ಮೆಟ್ಟಿಲು ಹತ್ತಿಸುವಾಗ ಮೊದಲನೇ ತಿರುವಿನಲ್ಲೇ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಹೊತ್ತವರು ಗೋಡೆಗೆ ಒತ್ತಿಕೊಂಡರು. ಹಿಂದಿನವರು ಕೆಳಗಿನ ಮೆಟ್ಟಿಲಲ್ಲಿ ಮಂಡಿ ಬಗ್ಗಿಸಿ ಭಾರ ತಡೆದರು. ನೆಟ್ಟಗೆ ನಿಲ್ಲಿಸಿದರೆ ತಿರುಗೀತು ಎಂದು ಅವರಲ್ಲೊಬ್ಬ ಹೇಳಿದ. ಸತ್ತವನೇನು ಬೀರುವಲ್ಲ, ಕೆಳಗಿಳಿಸಿ ಎಂದು ರಿಸ್ತೊ ಗದರಿಸಿದ. ಸತ್ತ ಬ್ಲಾಗೋಯನ ಜೊತೆ ಮ್ಯಾಸಿಡೋನಿಯದಿಂದ ಒಂದೇ ಹಡಗಿನಲ್ಲಿ ಆಸ್ಟ್ರೇಲಿಯದ ವುಲಂಗಾಂಗಿಗೆ ಬಂದು, ಒಂದೇ ಎರಕದ ಕಾರ್ಖಾನೆಯಲ್ಲಿ ದುಡಿದು, ಒಂದೇ ಕಟ್ಟಡದಲ್ಲಿ ಮನೆ ಕೊಂಡವನು ರಿಸ್ತೊ. ಅವನದು ನೆಲಮಹಡಿ.

ಪೆಟ್ಟಿಗೆ ಹಿಂದೆ ಸರಿಯಿತು. ಲಿಫ್ಟಿನ ಬಾಗಿಲ ಮುಂದೆ ಎರಡು ಬೆಂಚು ಜೋಡಿಸಿ ಅದರ ಮೇಲಿಟ್ಟರು. ಬಾಗಿಲಿಗೆ ಅಂಟಿಸಿದ್ದ 'ಕೆಟ್ಟಿದೆ' ಎಂಬ ಚೀಟಿಯ ಒಂದು ಮೂಲೆ ಎದ್ದು ಗಾಳಿಗೆ ಅಲುಗುತ್ತಿತ್ತು.

ಅವರ ಪದ್ಧತಿಯಲ್ಲಿ ಸತ್ತವನು ಚರ್ಚಿಗೆ ಹೊರಡುವುದು ತನ್ನ ಮನೆಯ ಹೊಸ್ತಿಲಿಂದಲೇ ಆಗಬೇಕು. ಅದಕ್ಕಾಗಿಯೇ ನಾಲ್ಕನೇ ಮಹಡಿಯಲ್ಲಿ ಅವನ ಹೆಂಡತಿ ವೆಲಿಕಾ ಬಾಗಿಲು ತೆರೆದಿಟ್ಟು, ಮೇಣದ ಬತ್ತಿ ಹಚ್ಚಿ ಕಾಯುತ್ತಿದ್ದಳು. ಅವನು ಬರುವುದಿಲ್ಲ ಎಂದು ಹೇಳುವ ಕೆಲಸ ಮೂರನೇ ಮಹಡಿಯ ನೋಲೀನ್‌ಳ ಪಾಲಿಗೆ ಬಂತು.

"ನೀನೇ ಇಳಿದು ಬರಬೇಕಾಗತ್ತೆ, ವೆಲಿಕಾ."

ವೆಲಿಕಾಳ ಸೊಂಟದ ಕೀಲು ಬದಲಿಸಿ ಇನ್ನೂ ವರ್ಷವಾಗಿರಲಿಲ್ಲ. ಮೆಟ್ಟಿಲು ಹತ್ತುವ ಹಾಗಿಲ್ಲವೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಅವಳು ಬತ್ತಿ ಆರಿಸಿ ಕಪ್ಪು ಶಾಲು ಹೊದ್ದಳು.

"ಇಳಿಯೋದೇನೋ ಇಳೀತೀನಿ. ಮತ್ತೆ ಹತ್ತೋದನ್ನ ಯೋಚನೆ ಮಾಡಿದೀಯಾ?"

ನೋಲೀನ್ ಕೋಲು ತೆಗೆದುಕೊಟ್ಟಳು. ಅವಳು ವರ್ಷಗಟ್ಟಲೆ ಯೋಚಿಸಿದ್ದು ಅದನ್ನೇ.

*

ಕಾರ್ಖಾನೆಯಲ್ಲಿ ಕ್ರೇನಿನ ಉಕ್ಕಿನ ಹಗ್ಗ ಹರಿದಾಗ ಬ್ಲಾಗೋಯನಿಗೆ ಮೂವತ್ತೂ ತುಂಬಿರಲಿಲ್ಲ. ಹಗ್ಗದ ಎಳೆಗಳು ಬಿಚ್ಚಿಕೊಳ್ಳುತ್ತಿವೆ ಎಂದು ಕಾರ್ಮಿಕರು ಹೇಳುತ್ತಲೇ ಬಂದಿದ್ದರು. ಈ ವರ್ಷ ದುಡ್ಡಿಲ್ಲ, ಬರುವ ವರ್ಷ ನೋಡೋಣ ಎಂದು ಆಡಳಿತದವರೂ ಹೇಳುತ್ತಲೇ ಬಂದಿದ್ದರು. ಕರಗಿದ ಕಬ್ಬಿಣ ತುಂಬಿದ ಕೊಪ್ಪರಿಗೆ ನೌಮೆ ಎಂಬವನ ಮೇಲೆ ಬಿತ್ತು. ಮನೆಯವರಿಗೆ ಕೊಡಲು ಅವನ ಬೂಟುಗಳೂ ಉಳಿಯಲಿಲ್ಲ.

ಮಾರನೆಯ ದಿನ ಬ್ಲಾಗೋಯ ಅಚ್ಚಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ. ಅಲ್ಲಿಯವರೆಗೆ ಅವನು ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ.

"ಹಗ್ಗ ನಿನ್ನೆ ಹರೀಲಿಲ್ಲ. ದಿನಾ ಸವೀತಿತ್ತು. ಸವೆದಷ್ಟಕ್ಕೆ ದಿನಾ ಒಂದಿಷ್ಟು ಎತ್ತಿಡಬೇಕಿತ್ತು. ಅದನ್ನ ಎತ್ತಿಡದೆ ಲಾಭ ಅಂತ ಹಂಚ್ಕೊಂಡ್ರು. ನೌಮೆನ ತಿಂದಿದ್ದು ಆ ಲಾಭ."

ಹೊಸ ಹಗ್ಗ ಬರುವವರೆಗೆ ಒಂದು ಕುಲುಮೆಯೂ ಉರಿಯಲಿಲ್ಲ. ಅಂದಿನಿಂದ ಅವನು ಸಂಘದ ಮುಖಂಡ. ಯಾರೇ ದುಡ್ಡು ಕೇಳಲಿ, ಕೇಳಿದವನ ಮುಖದಲ್ಲಿ ಮಾಲೀಕನನ್ನು ಕಾಣುವುದು ಅವನ ಅಭ್ಯಾಸವಾಯಿತು. ಕಾರ್ಖಾನೆ ಮುಚ್ಚಿತು. ಅಭ್ಯಾಸ ಉಳಿಯಿತು.

*

ಪಾದ್ರಿ ಲಿಫ್ಟಿನ ಮುಂದೆಯೇ ಪ್ರಾರ್ಥನೆ ಹೇಳಿದರು. ವೆಲಿಕಾ ಗಂಡನ ಕಾಲರು ಸರಿಮಾಡಿದಳು. ಅವನ ಎದೆ ಹಿಡಿದುಕೊಂಡದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಲಿಫ್ಟು ಅದಕ್ಕೂ ಮೊದಲೇ ನಿಂತಿತ್ತು. ಆಂಬುಲೆನ್ಸಿನವರು ಮೆಟ್ಟಿಲಲ್ಲಿ ಅವನನ್ನು ಕುರ್ಚಿಗೆ ಬಿಗಿದು ಇಳಿಸುವಷ್ಟರಲ್ಲಿ ತಡವಾಗಿತ್ತು. ಲಿಫ್ಟಿದ್ದಿದ್ದರೆ ಉಳಿಯುತ್ತಿದ್ದನೆ ಎಂದು ಅವಳು ವೈದ್ಯರನ್ನು ಕೇಳಿದ್ದಳು. ಹೇಳಲಾಗದು ಎಂದಿದ್ದರು. ಆ ಮಾತು ಯಾವ ಉತ್ತರಕ್ಕಿಂತಲೂ ಭಾರವಾಗಿತ್ತು.

ಕಟ್ಟಡದ ಹನ್ನೆರಡು ಮನೆಗಳಲ್ಲಿ ಐದನ್ನು ಒಂದು ಕಂಪನಿ ಕೊಂಡು ಬಾಡಿಗೆಗೆ ಕೊಟ್ಟಿತ್ತು. ಲಿಫ್ಟು ನಿಂತ ವಾರವೇ ಕಂಪನಿಯಿಂದ ಕಾಗದ ಬಂದಿತ್ತು: ಹಳೆಯ ಲಿಫ್ಟಿಗೆ ಬಿಡಿಭಾಗ ಸಿಗದು, ಹೊಸದು ಹಾಕಿಸುವ ಶಕ್ತಿ ನಿಮಗಿಲ್ಲ, ಉಳಿದ ಏಳು ಮನೆಯನ್ನೂ ನಮಗೇ ಮಾರಿಬಿಡಿ. ಅವರು ಕೊಡುವ ದುಡ್ಡಿಗೆ ಈ ಊರಿನಲ್ಲಿ ಕಾರು ನಿಲ್ಲಿಸುವ ಜಾಗವೂ ಸಿಗುತ್ತಿರಲಿಲ್ಲ.

*

ಮನೆಮಾಲೀಕರ ವಾರ್ಷಿಕ ಸಭೆ ನಡೆಯುತ್ತಿದ್ದುದು ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ. ಸಭೆ ಮುಗಿದ ಮೇಲೆ ಬ್ಲಾಗೋಯ ಮಾಂಸ ಸುಡುತ್ತಿದ್ದ; ಹಾಗಾಗಿ ಯಾರಿಗೂ ಸಭೆ ಉದ್ದವಾಗುವುದು ಬೇಕಿರಲಿಲ್ಲ.

ನೋಲೀನ್ ಪ್ರತಿ ವರ್ಷ ಒಂದೇ ಮಾತಿಗೆ ಏಳುತ್ತಿದ್ದಳು. ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ಕಟ್ಟಿಸಿದ ಮನೆಯೊಂದನ್ನು, ಸೋರುವ ಛಾವಣಿ ಬದಲಿಸಲಾರದೆ ಮಾರಿ ಬಂದವಳು ಅವಳು.

"ತಾರಸಿ, ಬಿಸಿನೀರಿನ ಪೈಪು, ಲಿಫ್ಟು, ಎಲ್ಲಕ್ಕೂ ಒಂದು ಆಯಸ್ಸು ಅಂತಿದೆ. ತಿಂಗಳು ತಿಂಗಳು ಸ್ವಲ್ಪ ಮೇಂಟೆನೆನ್ಸ್ ಜಾಸ್ತಿ ಮಾಡಿ ಇಡುಗಂಟು ಇಟ್ಕೊಳ್ಳೋಣ. ಒಂದೇ ಸಲ ತಲೆ ಮೇಲೆ ಬಿದ್ರೆ ತಡ್ಕೊಳ್ಳೋರು ಯಾರು?"

"ಲಿಫ್ಟು ಓಡ್ತಾ ಇದೆಯಲ್ಲ, ತಾಯಿ. ಜೀವ ಇರೋವಾಗ್ಲೇ ಅದರ ತಿಥಿಗೆ ಚಂದಾ ಎತ್ತೋಕೆ ಬಂದಿದೀಯಲ್ಲ" ಎಂದಿದ್ದ ಬ್ಲಾಗೋಯ, ಇಕ್ಕಳ ಹಿಡಿದುಕೊಂಡೇ.

ಎಲ್ಲರೂ ನಕ್ಕಿದ್ದರು. ಪಿಂಚಣಿಯಲ್ಲಿ ಬದುಕುವ ರಿಸ್ತೊನಂಥವರ ಜೇಬಿಗೆ ಕೈಹಾಕಲು ತಾನು ಬದುಕಿರುವವರೆಗೆ ಬಿಡೆನೆಂದು ಅವನು ಭಾಷಣ ಮಾಡಿದ. ಹೆಚ್ಚಿಸುವುದು ಬೇಡ ಎಂದು ಕೈಗಳೆದ್ದವು. ಕಂಪನಿಯ ಪರವಾಗಿ ಬಂದ ಹುಡುಗನೂ ಕೈ ಎತ್ತಿದ, ಐದು ಮನೆಗಳ ಲೆಕ್ಕಕ್ಕೆ. ಬ್ಲಾಗೋಯನ ಇಡೀ ಆಯಸ್ಸಿನಲ್ಲಿ ಬಂಡವಾಳದ ಕೈ ಅವನ ಕೈಯ ಜೊತೆ ಮೇಲೆದ್ದದ್ದು ಅಲ್ಲಿ ಮಾತ್ರ. ಅದೂ ಒಂದು ಸಲವಲ್ಲ, ವರ್ಷ ವರ್ಷವೂ. ಅವನು ಅದನ್ನು ಗೆಲುವೆಂದುಕೊಂಡ. ಎಲ್ಲರಿಗೂ ಇನ್ನೊಂದು ತುಂಡು ಮಾಂಸ ಬಡಿಸಿದ.

*

ಮಣ್ಣು ಮಾಡಿ ಬಂದವರಿಗೆ ಅದೇ ಜಾಗದಲ್ಲಿ ಊಟ. ಉದ್ದ ಮೇಜಿನ ಮೇಲೆ ಮೀನು, ಹುರುಳಿಕಾಯಿ, ರೊಟ್ಟಿ, ಕೆಂಪು ವೈನು. ಕೂರುವ ಮೊದಲು ವೆಲಿಕಾ ಒಬ್ಬೊಬ್ಬರಿಗೂ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ಕೊಟ್ಟಳು. ಅದನ್ನು ತೆಗೆದುಕೊಂಡವರು 'ದೇವರು ಅವನನ್ನು ಕ್ಷಮಿಸಲಿ' ಎನ್ನಬೇಕು. ಎಲ್ಲರೂ ಅಂದರು. ಕೆಲವರು ವೈನಿನ ಕಡೆ ನೋಡುತ್ತ ಅಂದರು.

ನೋಲೀನ್ ಚಮಚ ಹಿಡಿದು ಸುಮ್ಮನೆ ನಿಂತಳು.

"ಹೇಳ್ಲೇಬೇಕು ಅಂತೇನಿಲ್ಲ" ಎಂದಳು ವೆಲಿಕಾ. "ಮನಸ್ಸು ಬರದಿದ್ರೆ ಬರೀ ಗೋಧಿ ತಿನ್ನು."

"ದೇವರ ವಿಷಯ ನನಗ್ಗೊತ್ತಿಲ್ಲ. ನಾನಂತೂ ಇನ್ನೂ ಕ್ಷಮಿಸಿಲ್ಲ."

"ನಾನೂ" ಎಂದು ವೆಲಿಕಾ ಮುಂದಿನವರಿಗೆ ಚಮಚ ಚಾಚಿದಳು.

ತಟ್ಟೆಗಳು ಖಾಲಿಯಾಗುತ್ತಿದ್ದಂತೆ ಅವಳು ಕೋಲೂರಿ ಎದ್ದುನಿಂತಳು. ಏಳೂ ಮನೆಯವರು ಇಲ್ಲೇ ಇದ್ದೀರಿ, ಲಿಫ್ಟಿನ ಮಾತು ಈಗಲೇ ಇತ್ಯರ್ಥವಾಗಲಿ ಎಂದಳು. ರಿಸ್ತೊ ಮುಖ ಕಿವುಚಿದ.

"ಇವತ್ತು ಬೇಡ, ಅತ್ತಿಗೆ. ಅವನ ಮೇಲಿನ ಮಣ್ಣಿನ್ನೂ ಹಸಿಯಾಗಿದೆ."

"ನನ್ನ ಮನೆ ಮೇಲಿದೆ, ನಾನಿಲ್ಲಿದೀನಿ. ಇವತ್ತಲ್ಲದೆ ಇನ್ಯಾವತ್ತು?"

ಆಮೇಲೆ ನೋಲೀನ್ ವಿವರಿಸಿದಳು. ಹೊಸ ಲಿಫ್ಟಿನ ಖರ್ಚಿಗೆ ಬ್ಯಾಂಕು ಸಾಲ ಕೊಡುತ್ತದೆ, ಹತ್ತು ವರ್ಷದಲ್ಲಿ ತೀರಿಸಬಹುದು. ಜೊತೆಗೆ ತಾರಸಿಗೂ ಪೈಪಿಗೂ ಈಗಿನಿಂದಲೇ ತಿಂಗಳಿಗಿಷ್ಟೆಂದು ಎತ್ತಿಡಬೇಕು. ಪ್ರತಿ ಮನೆಗೂ ನೋವಾಗುತ್ತದೆ, ಆದರೆ ಯಾರ ಮನೆಯೂ ಹೋಗುವುದಿಲ್ಲ. ಹನ್ನೆರಡರಲ್ಲಿ ಏಳು ಕೈ ಎದ್ದರೆ ಸಾಕು, ಕಂಪನಿಯೂ ತನ್ನ ಐದು ಪಾಲು ಕಕ್ಕಲೇಬೇಕು.

"ಅವರೇ ತಾನೆ ನನ್ನ ಗಂಡನ ಜೊತೆ ಕೈ ಎತ್ತಿದ್ದು" ಎಂದಳು ವೆಲಿಕಾ. "ಆ ಕೈ ಯಾಕೆ ತನ್ನ ಜೊತೆ ಏಳ್ತಿದೆ ಅಂತ ಒಂದಿನಾನೂ ಕೇಳ್ಕೊಳ್ಳಲಿಲ್ಲ ಅವನು. ಹಗ್ಗಕ್ಕೆ ದುಡ್ಡು ಎತ್ತಿಡದೆ ಕೊಂದ್ರು ಅಂತ ಮಾಲೀಕರನ್ನ ಬೈದ. ಮನೆಗೆ ಬಂದು ಅದನ್ನೇ ಮಾಡಿದ. ನನಗೆ ಗೊತ್ತಾಗ್ತಿತ್ತು, ರಿಸ್ತೊ. ಆದ್ರೂ ಮಾಂಸಕ್ಕೆ ಉಪ್ಪು ಹಚ್ತಾ ಕೂತಿದ್ದೆ."

ಅವಳು ಕೈ ಎತ್ತಿದಳು. ನೋಲೀನ್ ಎತ್ತಿದಳು. ಒಂದೊಂದಾಗಿ ಆರು ಕೈಗಳಾದವು. ರಿಸ್ತೊ ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಜೋಡಿಸುತ್ತಲೇ ಇದ್ದ.

"ನಾನು ನೆಲಮಹಡಿಯವನು. ಆ ಲಿಫ್ಟಿನ ಒಳಗಡೆ ಯಾವ ಬಣ್ಣ ಇದೆ ಅಂತಾನೂ ನನಗ್ಗೊತ್ತಿಲ್ಲ. ನಾನ್ಯಾಕೆ ಕೊಡ್ಲಿ?"

ಕೈಗಳು ಇಳಿದವು.

ರಾತ್ರಿಗೆ ತನ್ನ ತಂಗಿಯ ಮನೆಗೆ ಬಾ ಎಂದು ನೋಲೀನ್ ಕರೆದಳು. ವೆಲಿಕಾ ಒಪ್ಪಲಿಲ್ಲ. ಶವ ಎತ್ತಿದ ದಿನ ಮನೆಯಲ್ಲಿ ದೀಪ ಇರಬೇಕು, ಹಚ್ಚುವವಳು ತಾನೊಬ್ಬಳೇ ಎಂದು ಮೆಟ್ಟಿಲಿನ ಕಡೆ ನಡೆದಳು. ಎಲ್ಲರೂ ನೋಡುತ್ತಿದ್ದರು. ರಿಸ್ತೊ ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಅವಳ ಹಿಂದೆ ಹೋದ.

"ನೀನ್ಯಾಕೋ?"

"ಅಲ್ಲಲ್ಲಿ ಕೂತ್ಕೊಂಡು ಹತ್ತು. ಕುರ್ಚಿ ನಾನು ತರ್ತೀನಿ."

ಅವಳು ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತುವಳು, ಎರಡೂ ಕಾಲು ಸೇರಿಸಿ ನಿಲ್ಲುವಳು, ಮತ್ತೊಂದು ಹತ್ತುವಳು. ಮೊದಲ ಮಹಡಿಯಲ್ಲಿ ಅವನು ಕುರ್ಚಿ ಹಾಕಿದ. ಕೂತಳು, ಎದ್ದಳು. ಅವನು ಕುರ್ಚಿಯನ್ನು ಹೆಗಲಿಗೇರಿಸಿದ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಅವಳ ತುಟಿ ಬಿಳುಚಿತ್ತು, ಅವನ ಉಸಿರು ಶಿಳ್ಳೆ ಹೊಡೆಯುತ್ತಿತ್ತು. ಎರಕದ ಮನೆಯ ಹೊಗೆ ಅವನ ಎದೆಯಲ್ಲಿ ಇನ್ನೂ ಉಳಿದಿತ್ತು. ಕುರ್ಚಿ ಇಳಿಸಿದವನು ಅದರ ಬೆನ್ನು ಹಿಡಿದುಕೊಂಡೇ ಬಾಗಿದ.

"ಕೂತ್ಕೋ" ಎಂದಳು ವೆಲಿಕಾ.

"ನಿನಗೆ ತಂದಿದ್ದು."

"ಕೂತ್ಕೋ ಅಂದೆ."

ಅವನು ಕೂತ. ಅವಳು ಕಂಬಿಗೊರಗಿ ನಿಂತಳು. ರಿಸ್ತೊ ಮುಂದಿನ ಮೆಟ್ಟಿಲುಗಳನ್ನು ನೋಡಿದ. ಅವು ಮೇಲೆ ಹೋಗಿ ತಿರುಗಿ ಮತ್ತೆ ಮೇಲೆ ಹೋಗುತ್ತಿದ್ದವು. ಬಹಳ ಹೊತ್ತು ನೋಡಿದ.

"ನೋಲೀನ್ ಕೆಳಗಿದಾಳಾ?"

"ಪಾತ್ರೆ ತೊಳೀತಿದಾಳೆ."

"ಕರಿ. ನನ್ನದನ್ನೂ ಎಣಿಸ್ಕೊಳ್ಳೋಕೆ ಹೇಳು."

ವೆಲಿಕಾ ಕರೆದಳು. ನೋಲೀನ್ ಸೋಪಿನ ನೊರೆ ಅಂಟಿದ ಕೈಗಳೊಂದಿಗೆ ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿದಳು. ಎರಡನೇ ಮಹಡಿಯ ಕಂಬಿಗಳ ಸಂದಿನಲ್ಲಿ ಕುರ್ಚಿಯ ನಾಲ್ಕು ಕಾಲುಗಳು, ಅವುಗಳ ನಡುವೆ ಎರಡು ಹಳೆಯ ಕಪ್ಪು ಬೂಟುಗಳು ಕಂಡವು. ಕಂಬಿಗಿಂತ ಮೇಲೆ, ಇಳಿಯದೆ, ರಿಸ್ತೊ ಎತ್ತಿದ ಒಂದು ಕೈ.