ವೈರಿಗೆ ಹೊಲಿಗೆ

ಮೂರನೆಯ ಅಕ್ಷರದ ಒತ್ತಿಗೆ ಬರುವಷ್ಟರಲ್ಲಿ ಯಂತ್ರ ಮತ್ತೆ ಗಕ್ಕನೆ ನಿಂತಿತು. ಪರದೆಯ ಮೇಲೆ ಅದೇ ಕೆಂಪು ಸಾಲು: ‘ಅಂಚು ಮುಟ್ಟಿದೆ.’

“ಎಲ್ಲಿ ಮುಟ್ಟಿದೆ ಅಂಚು? ಅರ್ಧ ಹಲಗೆ ಹಾಗೇ ಇದೆಯಲ್ಲಾ!” ಎಂದಳು ದರ್ಜಿಯ ಮಗಳು. ಅತ್ತತ್ತು ಅವಳ ದನಿ ಒಡೆದಿತ್ತು. “ನಾಲ್ಕು ಗಂಟೆಗೆ ಅಪ್ಪನ್ನ ಎತ್ತಬೇಕು. ಸಮಾಧಿ ತಲೆ ಹತ್ರ ನಿಲ್ಸೋಕೆ ಅವರ ಮೆಷಿನ್ನಲ್ಲೇ ಕೊರೆದ ಹೆಸರು ಬೇಕು ನಂಗೆ.”

ತೀರಿಕೊಂಡ ದರ್ಜಿಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅಲ್ಲಿಂದ ಯಾರೋ ಪ್ರಾರ್ಥನೆ ಹೇಳುವ ಮೆಲುದನಿ ಕೇಳುತ್ತಿತ್ತು. ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮಗ್ಗುಲಲ್ಲೇ, ಅವನು ಬಿಡುವಾದಾಗಲೆಲ್ಲ ಕೂತು ಕಟ್ಟಿದ ಸಿಎನ್‌ಸಿ ಯಂತ್ರ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಮರದ ಮೇಲೆ ತಾನೇ ಕೊರೆಯುವಂಥದ್ದು. ಅದರ ಮುಂದೆ ಮೀಟರು ಹಿಡಿದು ಮಂಡಿಯೂರಿದ್ದವನು ರೇಡಿಯೋ ರಿಪೇರಿಯವನು. ಬಾಗಿಲಿಗೊರಗಿ ಕೈಕಟ್ಟಿ ನಿಂತಿದ್ದವನು ವೈರ್‌ಮನ್, ದರ್ಜಿಯ ಹೆಂಡತಿಯ ಅಣ್ಣ.

“ಪವರ್ ಸಪ್ಲೈ ಎರಡೂ ಸರಿಯಿದೆ. ಮೋಟಾರಿಂದು ಮೂವತ್ತಾರು ವೋಲ್ಟು, ಬೋರ್ಡಿಂದು ಐದು. ಒಂಚೂರೂ ಅಲ್ಲಾಡ್ತಿಲ್ಲ,” ಎಂದ ರೇಡಿಯೋದವನು.

“ನೀವು ಆರಿಸಿ ಕೊಟ್ಟಿದ್ದಲ್ವಾ ಅಂಕಲ್, ಸರಿಯಿಲ್ದೆ ಏನು,” ಎಂದಳು ಮಗಳು.

ವೈರ್‌ಮನ್ನನ ಎದೆಯಲ್ಲಿ ಹಳೆಯ ಮುಳ್ಳು ಮಿಸುಕಿತು. ಬೆಳಗಿನಿಂದಲೂ ಇದೇ. ಬಂದವರೆಲ್ಲ ರೇಡಿಯೋದವನ ಕೈಹಿಡಿದು, “ನಿಮ್ಮ ಜೋಡಿ ಮುರೀತಲ್ಲಪ್ಪಾ” ಎನ್ನುತ್ತಿದ್ದರು. ನೆಂಟನನ್ನು ಕಳೆದುಕೊಂಡದ್ದು ತಾನೋ ಇವನೋ ಎಂದು ಹೊಟ್ಟೆ ಉರಿಯುತ್ತಿತ್ತು.

*

ಕಳೆದ ವರ್ಷ ಒಂದು ಸಂಜೆ ದರ್ಜಿ, ಬಟ್ಟೆಯಳತೆ ಬರೆಯುವ ಪುಸ್ತಕದಲ್ಲೇ ಯಂತ್ರದ ವಿವರ ಗೀಚಿಕೊಂಡು ಬಂದಿದ್ದ.

“ಭಾವ, ಮೂರು ಮೋಟಾರು. ಇಪ್ಪತ್ನಾಲ್ಕು ವೋಲ್ಟಾದ್ರೆ ಬೇಗ ಓಡೋವಾಗ ಸುಸ್ತಾಗ್ತವಂತೆ, ಮೂವತ್ತಾರು ಹಾಕಿ ಅಂದ್ರು ರೇಡಿಯೋದವರು. ಬೋರ್ಡಿಗೆ ಬೇರೆ ಸಣ್ಣ ಸಪ್ಲೈ. ಸರೀನಾ?”

“ಅವನು ಅಂದ್ಮೇಲೆ ಇನ್ನೇನು? ನಾನು ಬರೀ ಬಲ್ಬು ಹಾಕೋನು.”

“ಅಯ್ಯೋ, ನಿಮಗ್ಯಾಕೆ ತೊಂದರೆ ಅಂತ...”

ವೈರಿಂಗ್ ಮುಗಿದ ದಿನ ನೋಡಲು ಕರೆದ. ತಂಗಿಯೂ ಪಕ್ಕದಲ್ಲಿದ್ದಳು. ಇದ್ದಬದ್ದ ವೈರುಗಳನ್ನೆಲ್ಲ ಒಂದೇ ಹಿಡಿಯಾಗಿ ಕೂಡಿಸಿ, ಮೇಣ ಸವರಿದ ದಾರದಿಂದ ಉದ್ದಕ್ಕೂ ಹೊಲಿದಿದ್ದ. ಕೋಟಿನ ಕಾಲರಿನಂತೆ ಅಚ್ಚುಕಟ್ಟು.

“ವೈರಿಗೆ ಹೊಲಿಗೆ ಹಾಕ್ದೋನು ಲೋಕದಲ್ಲಿ ನಾನೊಬ್ನೇ ಇರ್ಬೇಕು ಭಾವ,” ಎಂದು ನಕ್ಕಿದ್ದ.

ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದ ವೈರ್‌ಮನ್ನನಿಗೆ ನೋಡಿದೊಡನೆ ತಿಳಿಯಿತು. ಕೊರೆಯುವ ಮೋಟಾರಿನ ದಪ್ಪ ವೈರಿಗೆ, ಅಂಚು ಮುಟ್ಟಿದೊಡನೆ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚಿನ ಎಳೆವೈರು ಒತ್ತಿಕೊಂಡು ಮಲಗಿದರೆ, ಅದರ ವಿದ್ಯುತ್ತಿನ ಗದ್ದಲ ಇದಕ್ಕೆ ಹತ್ತುತ್ತದೆ. ಯಾರೂ ಮುಟ್ಟದಿದ್ದರೂ ಸ್ವಿಚ್ಚು ‘ಅಂಚು ಬಂತು’ ಎಂದು ಸುಳ್ಳು ಹೇಳುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಹೊಲಿಗೆ ಚೆನ್ನಾಗಿದೆ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ.

ಆಮೇಲೆ ಯಂತ್ರ ನಡುನಡುವೆ ನಿಲ್ಲತೊಡಗಿದಾಗ ದರ್ಜಿ ಸಪ್ಲೈ ಬದಲಿಸಿದ, ಬೋರ್ಡು ಬದಲಿಸಿದ. “ಒಂದ್ಸಲ ಬಂದು ನೋಡ್ತೀರಾ ಭಾವ?” ಎಂದು ಎರಡು ಸಲ ಕೇಳಿದ. “ನಿನ್ನ ರೇಡಿಯೋದವನಿಲ್ವಾ?” ಎಂದ ಇವನು, ಎರಡು ಸಲವೂ. ಒಂದೇ ಒಂದು ಹೆಸರನ್ನೂ ಪೂರ್ತಿ ಕೊರೆಯದೆ ದರ್ಜಿ ಹೋಗಿಬಿಟ್ಟ.

*

“ಹೋಗ್ಲಿ ಬಿಡೇ, ಬಣ್ಣದಲ್ಲಿ ಬರೆಸೋಣ,” ತಂಗಿ ಬಂದು ಮಗಳ ಭುಜ ಹಿಡಿದಳು. ಗಂಟೆ ಮೂರೂವರೆ.

ಹಾಗೇ ಆಗಲಿ ಎಂದಿತು ವೈರ್‌ಮನ್ನನ ಮನಸ್ಸು. ಬಾಯಿಬಿಟ್ಟರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಎಲ್ಲವೂ ಮಣ್ಣಿನಡಿ ಸೇರುತ್ತದೆ.

ಅಷ್ಟರಲ್ಲಿ ರೇಡಿಯೋದವನು ಮೀಟರು ಕೆಳಗಿಟ್ಟ. ಅವನ ಬೆರಳು ಹೊಲಿಗೆಯ ಮೇಲೆ ಮೆಲ್ಲಗೆ ಹರಿಯಿತು. “ಒಂದ್ನಿಮಿಷ... ಇವೆಲ್ಲ ಒಟ್ಟಿಗೇ...”

ಇದನ್ನೂ ಇವನೇ ಕಂಡುಹಿಡಿಯಬೇಕೆ?

“ಸರಿ ಆ ಕಡೆ!” ವೈರ್‌ಮನ್ ನುಗ್ಗಿದ. ಪ್ಲಗ್ಗು ಕಿತ್ತ. ದರ್ಜಿಯ ಮೇಜಿನಿಂದ ಪುಟ್ಟ ಕತ್ತರಿ ಎತ್ತಿಕೊಂಡು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದ. ಸ್ವಿಚ್ಚಿನ ವೈರನ್ನು ಬೇರೆ ಮಾಡಿ, ಯಂತ್ರದ ಆಚೆ ಬದಿಯಿಂದ ತಂದು ಟೇಪು ಹಚ್ಚಿದ. “ಈಗ ಓಡ್ಸು.”

ಮೂರನೆಯ ಅಕ್ಷರ ದಾಟಿತು. ನಾಲ್ಕನೆಯದೂ. ಮರದ ಹುಡಿ ಹಾರುತ್ತಿತ್ತು. ನಡುಮನೆಯಲ್ಲಿದ್ದವರು ಬಂದು ಇಣುಕಿದರು.

“ಭಲೇ ವೈರ್‌ಮನ್ನರೇ, ನೋಡಿದ ಕೂಡ್ಲೇ ಹಿಡಿದ್ಬಿಟ್ರಿ! ಇಷ್ಟು ದಿನ ಎಲ್ಲಿದ್ರಿ?” ಎಂದ ರೇಡಿಯೋದವನು. ಆ ಹೊಗಳಿಕೆಯಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ.

ತಂಗಿ ಮಾತ್ರ ಯಂತ್ರವನ್ನು ನೋಡುತ್ತಿರಲಿಲ್ಲ.

“ಅವತ್ತು ಹೊಲಿಗೆ ಚೆನ್ನಾಗಿದೆ ಅಂದ್ಯಲ್ಲ, ಅಣ್ಣ,” ಎಂದಳು ಮೆಲ್ಲಗೆ.

ಬೆನ್ನ ಹಿಂದೆ ಯಂತ್ರ ಕೊನೆಯ ಅಕ್ಷರ ಮುಗಿಸಿ, ತನ್ನ ಮೂಲೆಗೆ ಮರಳಿ, ನಿಜವಾದ ಅಂಚನ್ನು ಟಕ್ ಎಂದು ಮುಟ್ಟಿ ನಿಂತಿತು. ವೈರ್‌ಮನ್ ಮುಷ್ಟಿ ಬಿಡಿಸಿದ. ಕತ್ತರಿಸಿದ ದಾರದ ತುಂಡುಗಳು ನೆಟ್ಟಗಾಗಿರಲಿಲ್ಲ. ಮೇಣಗಟ್ಟಿದ ಒಂದೊಂದೂ, ಬಿಟ್ಟುಬಂದ ವೈರುಗಳನ್ನು ಇನ್ನೂ ಅಪ್ಪಿಕೊಂಡಂತೆಯೇ ಬಾಗಿ, ಅಂಗೈಯಲ್ಲಿ ಬಿದ್ದಿತ್ತು.