ನೆಲ ಒರೆಸುತ್ತ ಕಲಿತ ಮಾತು

ನಾನು ಪದವೀಧರ. ಪದವಿಗಿಂತ ಪದಗಳನ್ನೇ ಹೆಚ್ಚಾಗಿ ಧರಿಸಿಕೊಂಡು ಓಡಾಡುವವನು, ಅದರಲ್ಲೂ ಬೇರೆಯವರ ಪದಗಳನ್ನು ಅವರದೇ ದನಿಯಲ್ಲಿ. ಹಾಗಾಗಿ ನಾನು ಏನು ಹೇಳಿದರೂ ಜನ ಅರ್ಧ ಕಳೆದೇ ಕೇಳುತ್ತಾರೆ. ಇದನ್ನು ಮಾತ್ರ ಕಳೆಯದೆ ಕೇಳಿ. ಇದರಲ್ಲಿ ಮಾನ ಕಳೆದುಕೊಂಡವನು ನಾನೇ ಆದ್ದರಿಂದ ಉಪ್ಪು ಖಾರ ಸೇರಿಸುವ ಆಸೆ ನನಗಿಲ್ಲ.

ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ಮತ್ತೆ ಮಾತು ಬರಿಸುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ವಾರ್ಡಿನವರು ನನ್ನನ್ನು ಮಾತಿನ ಡಾಕ್ಟ್ರು ಅನ್ನುತ್ತಾರೆ. ಬರೀ ಮಾತಿಗೆ ಡಾಕ್ಟ್ರು ಎಂದು ಮೇಟ್ರನ್ ಮೇಡಂ ತಿದ್ದುತ್ತಾರೆ.

ಆ ವರ್ಷ ನನ್ನ ಬಳಿ ಕೋರ್ಟು ತಾತ ಇದ್ದರು. ಮೂವತ್ತು ವರ್ಷ ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದ ಗಂಟಲಿಗೆ ಈಗ ನೀರು ಬೇಕು ಅನ್ನಲೂ ಬರುತ್ತಿರಲಿಲ್ಲ. ಇಂಥವರಲ್ಲಿ ಕೆಲವರಿಗೆ ಮಾತು ಹೋದರೂ ಹಾಡು ಉಳಿದಿರುತ್ತದೆ. ಅದಕ್ಕೇ ಒಂದೊಂದು ವಾಕ್ಯವನ್ನೂ ಎರಡೇ ಸ್ವರದಲ್ಲಿ ಎಳೆದು, ಅಕ್ಷರಕ್ಕೊಂದು ಸಲ ಎಡಗೈಯಿಂದ ತೊಡೆ ತಟ್ಟಿಸುತ್ತ ಹಾಡಿಸುತ್ತೇವೆ. "ನೀ-ರು ಕೊ-ಡಿ." ನಾನು ಹಾಡುವುದು, ತಾತ ತುಟಿ ಅಲ್ಲಾಡಿಸುವುದು. ದಿನಕ್ಕೆ ಮುಕ್ಕಾಲು ಗಂಟೆ.

ಅದೇ ಮುಕ್ಕಾಲು ಗಂಟೆಯಲ್ಲಿ ನೆಲ ಒರೆಸಲು, ವಾರ್ಡಿನವರೆಲ್ಲ ಅಕ್ಕ ಎಂದು ಕರೆಯುವ ಹೆಂಗಸು ಬರುತ್ತಿದ್ದಳು. ಬೇರೆ ಭಾಷೆಯ ಸೀಮೆಯಿಂದ ಗಂಡ ಮತ್ತು ಐದು ವರ್ಷದ ಮಗಳೊಂದಿಗೆ ಬಂದವಳು. ಮಗಳು ಬೀದಿಗಿಳಿದು ಮೂರೇ ತಿಂಗಳಲ್ಲಿ ನಮ್ಮ ಭಾಷೆಯಲ್ಲಿ ಚಾಡಿ ಹೇಳುವುದನ್ನೂ ಠೂ ಬಿಡುವುದನ್ನೂ ಕಲಿತಿದ್ದಳು. ಮಕ್ಕಳಿಗೆ ಭಾಷೆ ನೆಗಡಿಯ ಹಾಗೆ, ಜೊತೆಗೆ ಆಡಿದರೆ ಅಂಟುತ್ತದೆ. ತಾಯಿಗೆ ಜೊತೆಗೆ ಆಡಲು ಯಾರಿದ್ದರು? ಕೈಗೆ ಮಾಪು, ಕಿವಿಗೆ ನಮ್ಮ ಕೋಣೆ.

ಮೊದಲ ನಾಲ್ಕು ತಿಂಗಳು ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಮಾತೇ ಬಾರದವಳು ಎಂದು ಕೆಲವರು ತಿಳಿದಿದ್ದರು. ಆಮೇಲೆ ಒಂದು ಬೆಳಿಗ್ಗೆ ನನ್ನ ಬೂಟಿನ ಮುಂದೆ ಮಾಪು ನಿಲ್ಲಿಸಿ, ಅದರ ಕೋಲನ್ನು ಬೆರಳಿನಿಂದ ತಟ್ಟುತ್ತ ಹಾಡಿದಳು. "ಕಾ-ಲು ಎ-ತ್ತಿ."

ನಾನು ಬೆಪ್ಪಾದೆ. ತಾತ ನಕ್ಕರು. ನಾಲ್ಕು ತಿಂಗಳ ಮೌನದಲ್ಲಿ ಅವಳು ಖಾಲಿ ಕೂತಿರಲಿಲ್ಲ, ತುಂಬಿಕೊಳ್ಳುತ್ತಿದ್ದಳು. ತಾತನಿಗೆಂದು ನಾನು ತೋರಿಸಿದ ಚಿತ್ರದ ಕಾರ್ಡುಗಳೆಲ್ಲ ಅವಳಿಗೆ ಬಾಯಿಪಾಠ. ಪೊರಕೆ ಎನ್ನಲು ಬರುವ ಮೊದಲೇ ಆನೆ, ಏಣಿ, ಕೊಡೆ ಬಂದಿದ್ದವು. ಕಾರಿಡಾರಿನಲ್ಲಿ ಯಾರಾದರೂ ಕೊಡೆ ಹಿಡಿದು ಬಂದರೆ ನೆಂಟರು ಸಿಕ್ಕಂತೆ ಅವಳ ಮುಖ ಅರಳುತ್ತಿತ್ತು.

ತೊಡಕು ಒಂದೇ. ಈ ಭಾಷೆಯನ್ನು ಹಾಡಿಕೊಂಡು, ತಟ್ಟಿಕೊಂಡೇ ಆಡಬೇಕೆಂದು ಅವಳ ನಂಬಿಕೆ. ಉಳಿದವರು ಗಡಿಬಿಡಿಯಲ್ಲಿ ರಾಗ ನುಂಗುತ್ತಾರೆ, ಡಾಕ್ಟ್ರು ಕಲಿಸುವುದೇ ಸರಿ ಎಂಬ ಲೆಕ್ಕ. "ಅಮ್ಮಾ, ಯಾರೂ ಹಾಗೆ ಹಾಡಲ್ಲ" ಎಂದು ಮಗಳು ಮನೆಯಲ್ಲಿ ಅಂದಳಂತೆ. ಪಾಪ, ಮಗುವಿಗೆ ಇನ್ನೂ ಸರಿಯಾಗಿ ಬಂದಿಲ್ಲ ಎಂದುಕೊಂಡಳಂತೆ ತಾಯಿ.

ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುವುದಿತ್ತು. ವಾರ್ಡ್ ಸಹಾಯಕಿಯ ಕಾಯಂ ಕೆಲಸ ಒಂದು ಖಾಲಿ ಇತ್ತು. ಮೇಟ್ರನ್ ಎದುರು ನಮ್ಮ ಭಾಷೆಯಲ್ಲಿ ಮಾತಾಡಿ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಮನೆ. ಅಕ್ಕ ಧೈರ್ಯ ಮಾಡಿ ಅರ್ಜಿ ಹಾಕಿದಳು.

ಅಷ್ಟರಲ್ಲೇ ನನ್ನ ನಾಲಿಗೆ ಕಚ್ಚೆ ಕಟ್ಟಿತು. ಕ್ಯಾಂಟೀನಿನಲ್ಲಿ ನರ್ಸುಗಳು, ಲ್ಯಾಬಿನವರು ಎಲ್ಲ ಸೇರಿದ್ದಾಗ, ಚಮಚದಿಂದ ಮೇಜು ತಟ್ಟುತ್ತ, ಹುಬ್ಬು ಹಾರಿಸಿ, ಅವಳ ದನಿಯಲ್ಲೇ ಒಂದಿಡೀ ಬೆಳಗಿನ ಕೆಲಸ ಹಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ನಗು ಇದ್ದಕ್ಕಿದ್ದಂತೆ ನಿಂತಾಗ ತಿರುಗಿ ನೋಡಿದೆ. ಅಕ್ಕ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮಾರನೆಯ ದಿನ ಅವಳು ಹಾಡಲಿಲ್ಲ. ಮಾತಾಡಲೂ ಇಲ್ಲ. ನನ್ನ ಕಾಲ ಸುತ್ತ ಒರೆಸಿಕೊಂಡು ಹೋದಳು. "ಅಕ್ಕಾ, ತಪ್ಪಾಯ್ತು" ಅಂದೆ. ತಲೆಯಾಡಿಸಿದಳು, ಅಷ್ಟೇ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮಾತು ಬರಿಸಲು ಸಂಬಳ ತಿನ್ನುವವನು ಬಂದ ಮಾತನ್ನೇ ನಿಲ್ಲಿಸಿದ್ದೆ.

ಮೂರನೆಯ ದಿನ ತಾತ ಪಾಠಕ್ಕೆ ಸಹಕರಿಸಲಿಲ್ಲ. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅಕ್ಕ ಯಾಕೆ ಸುಮ್ಮನಾದಳು ಎಂಬ ಪ್ರಶ್ನೆ ಮುಖದ ಮೇಲೇ ಇತ್ತು. ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ. ತಾತನ ಮುಖ ಕೆಂಪಾಯಿತು. ಎಡಗೈ ತೊಡೆಯ ಮೇಲೆ ಬಿತ್ತು.

"ಅ-ವ-ಳ ಮಾ-ತು... ಕ-ದ್ದೆ... ನೀ-ನು."

ಕಾರ್ಡಿನಲ್ಲಿ ಇಲ್ಲದ, ನಾನು ಹೇಳಿಕೊಡದ, ಅವರದೇ ಸ್ವಂತ ವಾಕ್ಯ. ಐದು ತಿಂಗಳಲ್ಲಿ ಮೊದಲನೆಯದು. ನನ್ನ ಜೀವಮಾನದಲ್ಲಿ ಬೈಗುಳಕ್ಕೆ ಕಣ್ಣು ತುಂಬಿದ್ದು ಅದೊಂದೇ ಸಲ. ಬಾಗಿಲಾಚೆ ಮಾಪು ಹಿಂಡುತ್ತಿದ್ದ ಅಕ್ಕನ ಕೈ ನಿಂತಿತ್ತು. ಅವಳು ಒಳಗೆ ಬಂದು, ಒದ್ದೆ ಕೈ ಸೆರಗಿಗೆ ಒರೆಸಿ, ತಾತನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನನ್ನತ್ತ ನೋಡದೆ ಬಾಗಿಲು ತೋರಿಸಿದಳು. ನನ್ನ ಕೋಣೆಯಿಂದ ನಾನೇ ಹೊರಗೆ ಬಂದೆ.

ಅಲ್ಲಿಂದ ಮುಂದೆ ದಿನಾ ಇದೇ ಕತೆ. ಒಳಗೆ ಇಬ್ಬರ ಗುಸುಗುಸು, ನಾನು ಹೋದರೆ ಗಪ್‌ಚುಪ್.

ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಮೇಜಿನ ಫೋನ್ ರಿಂಗಾಯಿತು. ಎತ್ತಿದರೆ, ಆ ಕಡೆ ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ನಾನು ಎದ್ದು ನಿಂತೆ. ಮೇಟ್ರನ್ ಫೋನ್ ಮಾಡಿದರೆ ಇಡೀ ಆಸ್ಪತ್ರೆ ಎದ್ದು ನಿಲ್ಲುತ್ತದೆ.

"ಮಾತಿನ ಡಾಕ್ಟ್ರಾ? ನಾಟಕ ಆಡೋಕೆ ಪುರುಸೊತ್ತಿದೆ, ಫೈಲ್ ಕಳ್ಸೋಕಿಲ್ಲ, ಅಲ್ವಾ?"

"ಈಗ್ಲೇ ಕಳಿಸ್ತೀನಿ ಮೇಡಂ."

"ಕಳ್ಸೋದೇನು, ತನ್ನಿ. ಕೋರ್ಟು ತಾತನ್ನ ವೀಲ್‌ಚೇರಲ್ಲಿ ಕೂರಿಸ್ಕೊಂಡು ನೀವೇ ತಳ್ಕೊಂಡು ಬನ್ನಿ. ನೆಲ ಈಗಷ್ಟೇ ಒರೆಸಿದೆ. ಬೂಟು ಕೈಯಲ್ಲಿ ಹಿಡ್ಕೊಂಡು ಬನ್ನಿ. ತಿಳೀತಾ? ತಿಳೀದೆ ತಿಳೀತು ಅನ್ಬೇಡಿ."

"ತಿಳೀತು ಮೇಡಂ."

ಮೇಡಂ ಅವರ ಆ "ತಿಳೀದೆ ತಿಳೀತು ಅನ್ಬೇಡಿ"ಯನ್ನು ನಾನೇ ಎಷ್ಟು ಸಲ ನಕಲು ಮಾಡಿ ನರ್ಸುಗಳನ್ನು ಹೆದರಿಸಿದ್ದೇನೋ. ಅಸಲಿಗೆ ಅಸಲೇ ಸಾಟಿ ಎಂದುಕೊಂಡು, ಬೂಟು ಫೈಲು ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು, ಬರಿಗಾಲಲ್ಲಿ ಕುರ್ಚಿ ತಳ್ಳುತ್ತ ಮೂರು ಕಾರಿಡಾರು ದಾಟಿದೆ. ತಾತ ದಾರಿಯುದ್ದಕ್ಕೂ ಭುಜ ಕುಣಿಸುತ್ತಿದ್ದರು. ಕೆಮ್ಮಿರಬೇಕು ಎಂದುಕೊಂಡೆ.

ಮೇಟ್ರನ್ ಕೋಣೆಯಲ್ಲಿ ಮೇಡಂ ಕುರ್ಚಿಯಲ್ಲಿ, ಕೈ ಕಟ್ಟಿ ಕೂತಿದ್ದರು. ಪಕ್ಕದಲ್ಲಿ ಆಫೀಸಿನ ಗುಮಾಸ್ತರು ಚಾವಣಿ ನೋಡುತ್ತಿದ್ದರು. ಫೋನಿನ ರಿಸೀವರ್ ಇನ್ನೂ ಇದ್ದದ್ದು ಅಕ್ಕನ ಕೈಯಲ್ಲಿ.

"ಪರೀಕ್ಷೆಗೆ ಅಂತ, ಯಾವ್ದಾದ್ರೂ ವಿಭಾಗಕ್ಕೆ ಫೋನ್ ಮಾಡಿ ರೋಗೀನ ಕರೆಸು ಅಂತ ಇವಳಿಗೆ ಅಂದೆ" ಎಂದರು ಮೇಟ್ರನ್ ನನಗೆ. ಆಮೇಲೆ ಅಕ್ಕನ ಕಡೆ ತಿರುಗಿದರು. "ನಾನು ಹೀಗಾ ಮಾತಾಡೋದು?"

ಅವಳ ಕೆಲಸ ಹೋಯಿತು, ನನ್ನಿಂದಲೇ ಹೋಯಿತು ಎಂದುಕೊಂಡೆ.

"ಫೋನಲ್ಲಿ ಮಾತಾಡೋದು ನಿಮ್ಮಿಂದಾನೇ ಕಲ್ತಿದ್ದು ಮೇಡಂ" ಅಂದಳು ಅಕ್ಕ, ರಾಗವಿಲ್ಲದೆ, ತಟ್ಟದೆ, ತನ್ನದೇ ದನಿಯಲ್ಲಿ. "ದಿನಾ ನಿಮ್ ಬಾಗಿಲ ಹತ್ರ ಒರೆಸ್ತೀನಲ್ಲ. ಬೇರೆ ಥರ ಹೇಳಿದ್ರೆ ಇಲ್ಲಿ ಯಾರೂ ಬರಲ್ಲ. ನೋಡಿ, ಬಂದ್ರು."

ಮೇಟ್ರನ್ ನನ್ನ ಬರಿಗಾಲು ನೋಡಿದರು.

"ಮತ್ತೆ ಆ ರಾಗ?" ನಾನು ತಡೆಯಲಾರದೆ ಕೇಳಿದೆ.

"ಅದು ತಾತಂಗೆ. ಫೋನಿಗೆ ಮೇಡಂ ಥರ. ಜಗಳ ಆಡೋಕೆ ಕ್ಯಾಂಟೀನ್ ಅಡುಗೆಯವರ ಥರ. ಎಲ್ಲರಿಗೂ ಒಂದೇ ಥರ ಮಾತಾಡ್ಬಾರ್ದು ಅಂತ ಈಗ ಗೊತ್ತಾಯ್ತು."

ಇಷ್ಟನ್ನು ಪುಸ್ತಕದಿಂದ ಕಲಿಯಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ಅವಳು ನೆಲ ಒರೆಸುತ್ತಲೇ ಭಾಷೆಯ ನೆಲೆ ಮುಟ್ಟಿದ್ದಳು.

ಮೇಟ್ರನ್ ಪೆನ್ನು ಎತ್ತಿದರು, ಆದರೆ ಬರೆಯಲಿಲ್ಲ. ಆಗ ಅಕ್ಕ ಎರಡು ಹೆಜ್ಜೆ ಮುಂದೆ ಬಂದು ಮೂಗು ಉಜ್ಜಿಕೊಂಡಳು. ಒಂದು ಭುಜ ಮೇಲೆ, ಒಂದು ಕೆಳಗೆ. ಅದು ನಾನು. ಹಾಸ್ಯ ಮಾಡುವ ಮುಂಚೆ ನಾನು ನಿಲ್ಲುವುದೇ ಹಾಗೆ.

"ಏನ್ ಮೇಡಂ," ಅಂದಳು, ನನ್ನದೇ ಮೂಗುದನಿಯಲ್ಲಿ, "ನನ್ನನ್ನ ಪಾಸ್ ಮಾಡ್ತೀರೋ, ಇಲ್ಲಾ ಪ್ಯಾಸೇಜ್ ಒರೆಸೋಕೇ ಬಿಡ್ತೀರೋ?"

ಹೇಳಿ, ಯಾರು ನಕ್ಕರೆಂದು ಕಣ್ಣು ಓಡಿಸಿದಳು. ಅದೂ ನಾನೇ.

ಗುಮಾಸ್ತರು ಟೇಬಲ್ಲಿಗೆ ಹಣೆ ಇಟ್ಟರು. ತಾತ ಕುರ್ಚಿಯ ಕೈ ಬಡಿದರು. ನಗುತ್ತಲೇ ಅವಳ ಅರ್ಜಿಗೆ ಸಹಿ ಮಾಡುತ್ತಿದ್ದ ಮೇಟ್ರನ್ ಪೆನ್ನು ಅಲುಗಾಡಿ ಗೀಟು ಎಲ್ಲೋ ಹೋಯಿತು. ಪಕ್ಕದ ವಾರ್ಡಿನಿಂದ ನರ್ಸೊಬ್ಬಳು, ಯಾರಿಗೆ ಏನಾಯಿತೋ ಎಂದು ಓಡಿ ಬಂದಳು. ಅಷ್ಟು ದೂರ ಕೇಳಿಸುವಂತೆ ಗೋಡೆಗೆ ಒರಗಿ, ಬೂಟುಗಳನ್ನು ಎದೆಗವಚಿಕೊಂಡು ನಗುತ್ತಿದ್ದವನು ನಾನು.